ಡೈರಿ ಮುಂದಿನ ಮೀಟಿಂಗು

ಬೆಳಗೊಳದ ದ್ಯಾವಮ್ಮಂಗೆ ಮೂರು ದಿನದಿಂದ ಮುದ್ದೆ ಗಂಟ್ಲಲ್ಲಿ ಇಳೀತಿಲ್ಲ. ಜ್ವರ ಇಲ್ಲ, ನೆಗಡಿ ಇಲ್ಲ. ಆಗಿದ್ದಿಷ್ಟೇ. ಆರು ವರ್ಷದಿಂದ ಸಂಘದಲ್ಲಿ ಜೊತೇಲಿದ್ದ ಅಸ್ಗರಿ ಬೇಗಂ ಬೀದೀಲಿ ಎದುರಾಗಿ, "ಅಕ್ಕಾ, ಸಂಘದಿಂದ ನನ್ನೆಸ್ರು ತೆಗ್ದಾಕ್ಬುಡಿ" ಅಂದ್ಬುಟ್ಲು. ಯಾಕೆ ಅಂತ ಕೇಳೋದ್ರೊಳಗೆ ಸೆರಗು ಎಳ್ಕಂಡು ಓಗೇಬುಟ್ಲು.

ಸಂಘ ಅಂದ್ರೆ ಸಾಲದ ಸಂಘ ಅಲ್ಲ ಕಣ್ರೀ. 'ಆಸರೆ ಸಂಘ' ಅಂತ. ಯಾರಾರ ಬಿದ್ದು ಕಾಲು ಮುರ್ಕಂಡ್ರೆ, ಲಕ್ವ ಹೊಡುದ್ರೆ, ವಯಸ್ಸಾಗಿ ಹಾಸಿಗೆ ಹಿಡುದ್ರೆ, ವಾಕರು, ವೀಲ್‌ಚೇರು, ಊರುಗೋಲು ಎಲ್ಲಾ ಪುಕ್ಸಟ್ಟೆ ಕೊಡ್ತಾರೆ. ವಾಸಿಯಾದ್ಮೇಲೆ ವಾಪಸ್ ಕೊಟ್ರಾಯ್ತು. ದ್ಯಾವಮ್ಮನ ಅತ್ತೆ ಎರಡು ವರ್ಷ ಮಲಗಿದ್ದಲ್ಲೇ ಮಲಗಿದ್ರು. ಆಗ ಪಟ್ಟ ಪಾಡು ಇನ್ಯಾರಿಗೂ ಬ್ಯಾಡ ಅಂತ ದ್ಯಾವಮ್ಮನೇ ಶುರು ಮಾಡಿದ್ದು. ಹನ್ನೊಂದು ಜನ ಹೆಂಗಸ್ರು. ದ್ಯಾವಮ್ಮ ಅಧ್ಯಕ್ಷೆ. ಅಸ್ಗರಿ ಟೈಲರ್ರು, ವೀಲ್‌ಚೇರಿನ ದಿಂಬಿಗೆಲ್ಲಾ ಅವಳದ್ದೇ ಹೊಲಿಗೆ. ಅಂತಾ ಅಸ್ಗರಿ ಓಯ್ತೀನಿ ಅಂದ್ರೆ ಬೇಜಾರಾಗಲ್ವಾ?

ಅಸ್ಗರಿ ಮನೇಲೂ ಕಷ್ಟ ಇತ್ತು. ಎರಡು ತಿಂಗ್ಳಿಂದೆ ಅವಳ ಗಂಡ ವಜೀರ್ ಪಾಷಾ ಲಗೇಜ್ ಆಟೋ ಮೇಲೆ ಹಗ್ಗ ಬಿಗೀತಾ ಜಾರಿಬಿದ್ದು ಸೊಂಟ ಮುರ್ಕಂಡಿದ್ದ. ದ್ಯಾವಮ್ಮ ಮಾರ್ನೆ ದಿನವೇ ಕಿತ್ಲೆಹಣ್ಣು ತಗಂಡೋಗಿ ನೋಡ್ಕಂಡೂ ಬಂದಿದ್ಲು. ಇನ್ನೇನು ಕೊರತೆ ಮಾಡ್ದೆ ಅಂತ ಅವಳಿಗೆ ತಿಳೀಲಿಲ್ಲ.

ಅವತ್ತು ಸಾಯಂಕಾಲ ಪಕ್ಕದ್ಮನೆ ಸೊಸೆ ಅರ್ಪಿತ ಬಂದ್ಲು. ಅವಳೇ ಸಂಘದ ಕಾರ್ಯದರ್ಶಿ.

"ದ್ಯಾವಮ್ಮತ್ತೆ, ನಾಗಮಂಗಲದಲ್ಲಿ ಎರಡು ದಿನ ಟ್ರೈನಿಂಗ್ ಐತಂತೆ. ನಮ್ಮಂತ ಸಣ್ಣಸಣ್ಣ ಸಂಘಗಳ್ಗೆ. ಪಾಂಡವಪುರ, ಕೆ.ಆರ್.ಪೇಟೆ, ಎಲ್ಲಾ ಕಡೆಯಿಂದ ಬತ್ತಾವ್ರೆ. ಸಂಘ ಎಂಗೆ ನಡ್ಸೋದು ಅಂತ ಹೇಳ್ಕೊಡ್ತಾರೆ."

"ಆರು ವರ್ಷದಿಂದ ನಡ್ಸ್ತಿರೋಳಿಗೆ ನಡ್ಸೋದು ಹೇಳ್ಕೊಡ್ತಾರಾ? ಮೀನಿಗೆ ಈಜು ಕಲ್ಸಕ್ಕೆ ಬಂದಂಗಾಯ್ತು. ಓಗಮ್ಮಿ!"

ಜಗಲಿ ಮೇಲೆ ಕೂತಿದ್ದ ಗಂಡ ಹೊನ್ನಪ್ಪ ಬಾಯಿ ಹಾಕ್ದ. "ಓಗ್ಬಾ, ಬಸ್ಸು ಫ್ರೀ, ಊಟ ಫ್ರೀ. ನನ್ ಕಿವೀಗೂ ಎರಡು ದಿನ ರಜ."

"ನೀವು ಸುಮ್ಕಿರಿ! ಹಸ ಯಾರು ಕರೀತಾರೆ? ನೀವು ಕೆಳಗ್ ಕೂತ್ರೆ ಅದು ಒದ್ದು ಕಾವೇರಿಗಾಕ್ತದೆ."

ಅರ್ಪಿತ ನಗ್ತಾ ನಗ್ತಾ ಮೆತ್ತಗೆ ಹೇಳಿದ್ಲು. "ಮೂರು ಜನ ಬರ್ಲೇಬೇಕು ಅಂದವ್ರೆ ಅತ್ತೆ. ಅಸ್ಗರಿ ಅಕ್ಕನ ಕಾಲಿಡ್ದು ಒಪ್ಸಿವ್ನಿ. ಇದೊಂದ್ ದಪ ಬತ್ತೀನಿ, ಆಮೇಲೆ ಕರೀಬ್ಯಾಡಿ ಅಂದವ್ರೆ."

ದ್ಯಾವಮ್ಮ ಒಳಗೋಗಿ ಹೊಸ ಸೀರೆ ಹುಡುಕಕ್ಕೆ ಶುರು ಮಾಡಿದ್ಲು.

ಬಸ್ಸಲ್ಲಿ ಅಸ್ಗರಿ ಕಿಟಕಿ ಪಕ್ಕ ಕೂತ್ಲು. ಪಾಂಡವಪುರ ದಾಟ್ತು, ಕಬ್ಬಿನ ಗದ್ದೆ ಹಿಂದಕ್ಕೋಯ್ತು, ತೆಂಗಿನ ತೋಟ ಬಂತು. ಅಸ್ಗರಿ ಮಾತ್ರ ಈ ಕಡೆ ತಿರುಗ್ಲಿಲ್ಲ.

"ಕೋಡ್ಬಳೆ ತಿನ್ನು ಅಸ್ಗರಿ. ನೆನ್ನೆ ಮಾಡಿದ್ದು."

"ಬ್ಯಾಡಕ್ಕ."

"ಪಾಷಾ ಎಂಗವ್ರೆ?"

"ಅವ್ರೆ."

ಅಷ್ಟೇ. ನಾಗಮಂಗಲ ಬರೋಗಂಟ ದ್ಯಾವಮ್ಮನೇ ಅಷ್ಟೂ ಕೋಡ್ಬಳೆ ಕಟಂ ಕಟಂ ಅಂತ ತಿಂದ್ಲು, ಸಂಕಟಕ್ಕೆ.

ಸಮುದಾಯ ಭವನ ತುಂಬೋಗಿತ್ತು. ಅಂಧ ಮಕ್ಕಳಿಗೆ ಪಾಠ ಹೇಳೋ ಟ್ರಸ್ಟಿನವ್ರು, ಕೆರೆ ಉಳಿಸೋ ಯುವಕರು, ಕುಡಿತ ಬುಡ್ಸೋ ಸಂಘದವ್ರು, ಎಲ್ಲಾ ಬಂದಿದ್ರು. ಹೇಳ್ಕೊಡಕ್ಕೆ ನಿಂತವ್ಳು ಮೇಘನ ಅಂತ, ಕಡ್ಡಿಯಂಗಿರೋ ಹುಡುಗಿ. ಇವಳೇನು ಹೇಳ್ಕೊಡ್ತಾಳೆ ಅಂತ ದ್ಯಾವಮ್ಮ ಸೊಟ್ಟ ಮೂತಿ ಮಾಡ್ಕಂಡು ಕೂತ್ಲು.

ಮೇಘನ ಭಾಷಣ ಗೀಷಣ ಏನೂ ಮಾಡ್ಲಿಲ್ಲ. ಒಂದೊಂದು ಸಂಘಕ್ಕೂ ಒಂದೊಂದು ದೊಡ್ಡ ಹಾಳೆ, ಒಂದು ಹಿಡಿ ಹುಣಸೆಬೀಜ ಕೊಟ್ಲು. "ನಿಮ್ಮೂರಿನ ನಕ್ಷೆ ಬರೀರಿ. ಹೋದ್ಸಲ ಎಲ್ಲಿ ಮೀಟಿಂಗ್ ಮಾಡಿದ್ರೋ ಅಲ್ಲೊಂದು ಗುಂಡು ಸುತ್ತಿ. ಯಾರ್‍ಯಾರು ಬಂದಿದ್ರೋ ಅವ್ರ ಹೆಸರೇಳಿ ಒಂದೊಂದು ಬೀಜ ಇಡಿ."

ದ್ಯಾವಮ್ಮ ಎದೆ ಉಬ್ಬಿಸ್ಕಂಡು ಹಾಳೆ ಮೇಲೆ ಹಾಲಿನ ಡೈರಿ ಬರುದು ಗುಂಡು ಸುತ್ತುದ್ಲು. "ನಮ್ದು ಹನ್ನೊಂದು ಜನ, ದಿನಾ ಮೀಟಿಂಗು ಕಣವ್ವ! ಬೆಳಗ್ಗೆ ಆರು ಗಂಟೆಗೆ ಡೈರಿಗೆ ಹಾಲಾಕಕ್ಕೆ ಓಯ್ತೀವಲ್ಲ, ಕ್ಯಾನ್ ಇಡ್ಕಂಡು ಸಾಲಲ್ಲಿ ನಿಂತಿರ್ತೀವಲ್ಲ, ಅಲ್ಲೇ ಎಲ್ಲಾ ತೀರ್ಮಾನ. ಹಾಲಿನ ಲೆಕ್ಕ ಮುಗಿಯೋದ್ರೊಳಗೆ ಸಂಘದ ಕೆಲ್ಸಾನೂ ಮುಗೀತದೆ."

ಎಲ್ರೂ ನಕ್ಕು ಚಪ್ಪಾಳೆ ಹೊಡುದ್ರು. ಮೇಘನಾನೂ ನಕ್ಲು. "ಭಾರಿ ಚುರುಕು ನಿಮ್ ಸಂಘ! ಇಡಿ ಮತ್ತೆ, ಹನ್ನೊಂದು ಬೀಜ."

ದ್ಯಾವಮ್ಮ ಹನ್ನೊಂದು ಬೀಜ ಎಣಿಸ್ಕಂಡು ಇಡಕ್ಕೆ ಶುರು ಮಾಡಿದ್ಲು. ನಂದೊಂದು, ಅರ್ಪಿತಂದೊಂದು, ಮೂಲೆ ಮನೆಯವ್ಳದ್ದೊಂದು. ಎಂಟು ಬೀಜ ಆಯ್ತು. ಕೈ ನಿಂತೋಯ್ತು. ಅಂಗೈಯಲ್ಲಿ ಇನ್ನೂ ಮೂರು ಉಳ್ಕಂಡವೆ. ಒಂದು, ಹೋದ್ವರ್ಷ ಹಸ ಮಾರ್ಬುಟ್ಟ ಚಲುವಮ್ಮಂದು. ಇನ್ನೊಂದು, ಗಾರ್ಮೆಂಟ್ಸಿಗೆ ಹೋಗೋ ಪ್ರಿಯಾಂಕಂದು.

"ಇನ್ನೊಂದು ಯಾರ್ದು?" ಮೇಘನ ಕೇಳಿದ್ಲು.

"ನಂದು ಮೇಡಂ." ಅಸ್ಗರಿ ತಲೆ ಎತ್ತಲಿಲ್ಲ. "ನಮ್ಮನೇಲಿ ಹಸ ಇಲ್ಲ. ನಾನ್ಯಾಕೆ ಡೈರಿಗೆ ಓಗ್ಲಿ? ಆರು ವರ್ಷದಲ್ಲಿ ನಾನು ಒಂದು ಮೀಟಿಂಗೂ ನೋಡಿಲ್ಲ. ದಿಂಬು ಹೊಲಿ ಅಂತ ಬಟ್ಟೆ ಬತ್ತದೆ, ಹೊಲ್ದು ಕೊಡ್ತೀನಿ."

"ಅಯ್ಯೋ, ಒಂದ್ ಮಾತು ಹೇಳಾದಲ್ವಾ ಅಸ್ಗರಿ!"

"ಏನಂತ ಹೇಳ್ಲಿ ಅಕ್ಕ?" ಅಸ್ಗರಿ ಈಗ ತಲೆ ಎತ್ತುದ್ಲು. "ಸಂಘಕ್ಕೆ ಗಾಳಿ ಹಾಸಿಗೆ ಬಂದಿದ್ದೇ ನಂಗೆ ಗೊತ್ತಿಲ್ಲ. ಅದು ಕೆ.ಆರ್.ಪೇಟೆಗೆ ನಿಮ್ ತಂಗಿ ಮನೆಗೆ ಓಗಿದ್ದೂ ಗೊತ್ತಿಲ್ಲ. ಹೋದ್ವಾರ ಅಂಗಡೀಲಿ ಯಾರೋ ಮಾತಾಡ್ಕತಿದ್ರು, ಆಗ ಗೊತ್ತಾಯ್ತು. ನಮ್ಮೆಜಮಾನ್ರಿಗೆ ಮಲಗೀ ಮಲಗೀ ಬೆನ್ನಲ್ಲಿ ಅಂಗೈಯಗಲ ಹುಣ್ಣಾಗಿದೆ. ಗಾಳಿ ಹಾಸಿಗೆ ಇದ್ರೆ ನೋಡಿ ಅಂತ ಡಾಕ್ಟ್ರು ಬರ್ದೇ ಕೊಟ್ಟವ್ರೆ. ಹುಣ್ಣು ಇನ್ನೂ ಒಳಕ್ಕಿಳುದ್ರೆ ಆಪರೇಷನ್ ಅಂತಾವ್ರೆ. ನಮ್ ಸಂಘದ ಹಾಸಿಗೆ ನಮ್ಗೇ ಇಲ್ಲ ಅಂದ್ರೆ, ನಾನು ಯಾವ ಸಂಘದೋಳು?"

ದ್ಯಾವಮ್ಮ ಅಸ್ಗರಿ ಕಡೆ ತಿರುಗುದ್ಲು.

"ನಾನು ಕೇಳಿದ್ನಲ್ಲ! ಡೈರಿ ಮುಂದೆ ಗಂಟ್ಲು ಹರ್ಕಂಡು ಕೇಳ್ದೆ, ಹಾಸಿಗೆ ಯಾರಿಗ್ ಬೇಕು ಅಂತ. ಯಾರೂ ಬೇಕು ಅನ್ನಿಲ್ಲ. ಅದ್ಕೇ ನಮ್ ತಂಗಿ ಅಣ್ಣಮ್ಮನ ಅತ್ತೇಗೆ..." ದ್ಯಾವಮ್ಮನ ಕಣ್ಣು ಕೈಯಲ್ಲಿದ್ದ ಮೂರು ಬೀಜದ ಮೇಲೇ ನೆಟ್ಟೋಯ್ತು.

ಈಗ ಈ ಹುಡುಗಿ ಎಲ್ರೆದುರ್ಗೆ ಮಂಗಳಾರತಿ ಮಾಡ್ತಾಳೆ ಅನ್ಕಂಡ್ಲು ದ್ಯಾವಮ್ಮ. ಮೇಘನ ಬಂದು ಪಕ್ಕದಲ್ಲಿ ನೆಲದ್ಮೇಲೆ ಕೂತ್ಕಂಡ್ಲು. "ನೀವು ಯಾರಿಗೂ ಮೋಸ ಮಾಡಿಲ್ಲಮ್ಮ. ಹಾಲಿನ ಸಾಲಲ್ಲಿ ನಿಂತವ್ರಿಗೆ ಹೇಳಿದ್ರಿ, ಅವ್ರೇ ಸಂಘ ಅನ್ಕಂಡ್ರಿ. ಇಂತಾ ತಪ್ಪು ಒಳ್ಳೇ ಸಂಘದಲ್ಲೇ ಆಗೋದು, ಯಾಕಂದ್ರೆ ಎಲ್ರೂ ಕೆಲ್ಸದಲ್ಲಿ ಮುಳುಗಿರ್ತಾರೆ. ಇದನ್ನ ಸರಿ ಮಾಡೋದು ಎಂಗೆ ಅಂತ ಕಲಿಯಕ್ಕೇ ಇಲ್ಲಿ ಸೇರಿರೋದು."

ದ್ಯಾವಮ್ಮ ಎದ್ದು ನಿಂತ್ಲು. "ಅವ್ವ, ಕೆ.ಆರ್.ಪೇಟೆ ಬಸ್ಸು ಎಷ್ಟೊತ್ತಿಗೈತೆ?"

"ಊಟ ಮಾಡ್ಕಂಡು..."

"ಊಟ ನಾಳೆ ಮಾಡ್ತೀನಿ. ಅರ್ಪಿತಾ, ನೀನಿಲ್ಲೇ ಇದ್ದು ಎಲ್ಲಾ ಬರ್ಕೋ. ಅಸ್ಗರಿ, ನಡಿಯವ್ವ."

ಕೆ.ಆರ್.ಪೇಟೆ ಅಣ್ಣಮ್ಮನ ಮನೇಲಿ ಅವಳ ಅತ್ತೆ ಆಗ್ಲೇ ಕೋಲೂರ್ಕಂಡು ಅಂಗಳದಲ್ಲಿ ಓಡಾಡ್ತಿದ್ರು. ಹಾಸಿಗೆ ಎಲ್ಲಿ ಅಂದ್ರೆ ನಡುಮನೆ ಮಂಚದ ಮೇಲೆ, ಹೂವಿನ ಬೆಡ್‌ಶೀಟ್ ಹೊದ್ಕಂಡು!

"ಅಕ್ಕಾ, ಅಳಿಯಂದ್ರು ಬಂದಾಗ ಹಾಕ್ತೀನಿ. ತೊಟ್ಲು ತೂಗ್ದಂಗಾಯ್ತದೆ ಅಂತಾರೆ. ನಾಳೆ ಬತ್ತಾವ್ರೆ, ಒಂದ್ವಾರ ಬುಟ್ಟು ತಗಂಡೋಗು. ನಿಂದೇ ತಾನೆ?"

"ನಂದಲ್ಲ ಕಣೆ. ನಂದು ಅನ್ಕಂಡಿದ್ದೇ ತೆಪ್ಪಾಗಿದ್ದು. ಅದು ಹನ್ನೊಂದು ಜನದ್ದು. ಇಗೋ ಇವ್ಳೂ ಅದ್ರಲ್ಲಿ ಒಬ್ಳು. ಇವ್ಳ ಗಂಡ ಎರಡು ತಿಂಗ್ಳಿಂದ ಬರೀ ಚಾಪೆ ಮೇಲವ್ರೆ, ಬೆನ್ನೆಲ್ಲಾ ಹುಣ್ಣು."

ಅಣ್ಣಮ್ಮ ಅಸ್ಗರಿ ಮುಖ ನೋಡಿದ್ಲು. ತಟ್ ಅಂತ ಬೆಡ್‌ಶೀಟ್ ಕಿತ್ತಾಕುದ್ಲು. "ಅದ್ನ ಬಾಗ್ಲಲ್ಲೇ ಹೇಳಾದಲ್ವಾ! ನಂಗೇನು ಕನಸು ಬಿದ್ದಿತ್ತಾ? ಅಳಿಯ ಚಾಪೆ ಮೇಲೆ ಮಲಗ್ಲಿ, ಸೊಂಟ ಗಟ್ಟಿಯಾಯ್ತದೆ!" ಗಾಳಿ ಬುಟ್ಟು, ಮಡಚಿ, ಗಾಳಿ ತುಂಬೋ ಮೋಟ್ರು ಸಮೇತ ಚೀಲಕ್ಕಾಕಿ, ಮೇಲೆ ನಾಲ್ಕು ತೆಂಗಿನಕಾಯೂ ತುರುಕುದ್ಲು.

ವಾಪಸ್ ಬರೋವಾಗ ಬಸ್ಸಲ್ಲಿ ಚೀಲ ಇಬ್ರ ಮಡ್ಲಲ್ಲೂ ಅರ್ಧರ್ಧ ಕೂತಿತ್ತು.

"ತೆಪ್ಪಾಯ್ತು ಅಸ್ಗರಿ."

"ನಾನೂ ಬಾಯ್ಬುಟ್ಟು ಕೇಳ್ಬೇಕಿತ್ತಕ್ಕ. ಬೇಕಂತ್ಲೇ ಮುಚ್ಚಿಟ್ರು ಅನ್ಕಂಬುಟ್ಟೆ."

"ಬಯ್ಯಾದಲ್ವಾ ನಂಗೆ?"

"ಬಯ್ದೆ. ಮನೇಲಿ. ಉರ್ದೂನಲ್ಲಿ."

ಇಬ್ರೂ ನಕ್ಕಿದ್ದು ನೋಡಿ ಕಂಡಕ್ಟ್ರೂ ನಕ್ಬುಟ್ಟ.

ದೀಪ ಹಚ್ಚೋ ಹೊತ್ಗೆ ಬೆಳಗೊಳ ಸೇರುದ್ರು. ಮಗಳು ಮಹೇಕ್ ಮೋಟ್ರು ಹಾಕಿದ್ಲು, ಹಾಸಿಗೆ ಉಸಿರು ತಗಂಡು ಎದ್ದು ಕೂತ್ಕಂತು. ನಾಲ್ಕು ಜನ ಸೇರಿ ವಜೀರ್ ಪಾಷಾನ ಮೆಲ್ಲಗೆ ಎತ್ತಿ ಮಲಗ್ಸುದ್ರು. ಅವನು ಕಣ್ಮುಚ್ಚಿ ಉದ್ದಕ್ಕೆ ಉಸಿರು ಬುಟ್ಟ. "ಅಲ್ಲಾ ನಿಮ್ಗೆ ಚೆನ್ನಾಗಿಟ್ಟಿರ್ಲಿ ಅಕ್ಕ. ಬೆನ್ನಡಿ ಬೆಂಕಿ ಆರಿದಂಗಾಯ್ತು" ಅಂದ. ದ್ಯಾವಮ್ಮ ಸೆರಗಲ್ಲಿ ಕಣ್ಣೊರುಸ್ಕಂಡ್ಲು.

ಬರೀ ಹಾಸಿಗೆಯಿಂದಲೇ ಹುಣ್ಣು ಮಾಯಲಿಲ್ಲ, ಅದೂ ನಿಜ. ನರ್ಸಮ್ಮ ಬಂದು ಗಾಯ ತೊಳುದ್ರು, ಎರಡೆರಡು ಗಂಟೆಗೆ ಮಗ್ಗಲು ಬದಲಾಯ್ಸಿ ಅಂದ್ರು, ಮಹೇಕ್ ಅಲಾರಂ ಇಟ್ಕಂಡು ಬದಲಾಯ್ಸುದ್ಲು. ಒಂದೂವರೆ ತಿಂಗ್ಳಿಗೆ ಗಾಯ ಒಣಗ್ತು. ಆಪರೇಷನ್ ಮಾತು ನಿಂತೋಯ್ತು.

ಹಾಸಿಗೆ ತಂದ ಮಾರ್ನೆ ದಿನ ಬೆಳಗ್ಗೆ ಮೊದ್ಲ ಬಸ್ಸಿಗೆ ದ್ಯಾವಮ್ಮ ಮತ್ತೆ ನಾಗಮಂಗಲಕ್ಕೆ ಹೊಂಟ್ಲು. ಹೊನ್ನಪ್ಪ ಕೇಳ್ದ, "ಹಾಸಿಗೆ ಸಿಕ್ತಲ್ಲ, ಇನ್ಯಾಕೆ?"

"ಇವತ್ತು ಒಂದು ಹಾಸಿಗೆ ಸಿಕ್ತು. ನಾಳೆ ಇನ್ಯಾರ ಮನೆ ಬಾಗ್ಲಿಗೆ ಮಾತು ತಲುಪ್ದೆ ಓಯ್ತದೋ? ಕಲ್ತೇ ಬತ್ತೀನಿ."

ಕಲ್ತೂ ಬಂದ್ಲು. ಈಗ ಆಸರೆ ಸಂಘದ ಮೀಟಿಂಗು ತಿಂಗ್ಳ ಮೊದ್ಲ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ಗೆ ಪ್ರಿಯಾಂಕಂಗೆ ರಜ, ಹಸ ಇರೋರಿಗೂ ಬಿಡುವು. ಮೂರು ದಿನ ಮುಂಚೆ ಹನ್ನೊಂದು ಜನಕ್ಕೂ ಮೆಸೇಜು ಹಾಕ್ತಾರೆ, ಓದಕ್ಕೆ ಬಾರದೋರಿಗೆ ಫೋನಲ್ಲಿ ಹೇಳ್ತಾರೆ. ತೀರ್ಮಾನ ಆಗಿದ್ದನ್ನ ಅರ್ಪಿತ ಬರ್ದು, ಏಳೋ ಮುಂಚೆ ಎಲ್ರಿಗೂ ಕೇಳೋ ಅಂಗೆ ಓದ್ತಾಳೆ. ಯಾವ ಸಾಮಾನು ಯಾರ ಮನೇಲೈತೆ ಅಂತ ಗೋಡೆ ಬೋರ್ಡಲ್ಲಿ ಬರ್ದವ್ರೆ. ತಮ್ ನೆಂಟ್ರು ಯಾರಾರ ಸಾಮಾನು ಕೇಳಿದ್ರೆ, ಆ ತೀರ್ಮಾನದಲ್ಲಿ ತಾವು ಬಾಯಿ ಹಾಕಂಗಿಲ್ಲ. ಈ ಕಡೇ ಮಾತು ಬರ್ಸಿದ್ದು ದ್ಯಾವಮ್ಮನೇ.

ಮೊದಲ್ನೇ ಮೀಟಿಂಗು ಅಸ್ಗರಿ ಮನೆ ಮುಂದೇನೇ ಆಯ್ತು, ಅವಳು ಗಂಡನ್ನ ಬುಟ್ಟು ಬರಕ್ಕಾಗಲ್ಲ ಅಂತ. ಹನ್ನೊಂದು ಜನಾನೂ ಬಂದ್ರು. ಆರು ವರ್ಷ ಬಾಯಿ ಬಿಡದ ಚಲುವಮ್ಮ ಅವತ್ತು ಎದ್ದು ನಿಂತು, "ಎರಡು ವಾಕರಿನ ಕಾಲಿನ ರಬ್ಬರು ಸವ್ದೋಗದೆ. ಹಿಡ್ಕಂಡೋರು ಜಾರಿ ಬೀಳ್ತಾರೆ. ಹೋದ್ವರ್ಷಾನೇ ನೋಡಿದ್ದೆ, ಯಾರಿಗೇಳ್ಲಿ?" ಅಂದ್ಲು. ಅವತ್ತೇ ರಬ್ಬರು ಬದಲಾಯ್ತು. ಟೀ ಹಂಚ್ತಿದ್ದ ಹೊನ್ನಪ್ಪ, "ಟ್ರೈನಿಂಗ್ ಅಂದ್ರೆ ಇದಾ! ನಮ್ ಗಂಡಸ್ರ ಸಂಘಕ್ಕೂ ಒಂದು ಕೊಡ್ಸಮ್ಮಿ" ಅಂದ.

ಆ ಸಾಯಂಕಾಲ ದ್ಯಾವಮ್ಮ ಮೇಘನಂಗೆ ಫೋನ್ ಮಾಡಿದ್ಲು. "ಅವ್ವ, ನೀನು ಅವತ್ತು ನಂಗೆ ಬಯ್ದಿದ್ರೆ ಎದ್ದು ಬಂದ್ಬುಡ್ತಿದ್ದೆ. ಪಕ್ಕದಲ್ಲಿ ಬಂದು ಕೂತ್ಕಂಡೆ ನೋಡು. ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ."

ಓದ್ತಿರೋ ಅಕ್ಕಂದ್ರಾ, ಅಣ್ಣಂದ್ರಾ, ನಿಮ್ಮೂರಲ್ಲೂ ಒಂದು ಸಂಘನೋ ಟ್ರಸ್ಟೋ ಇದ್ದೇ ಇರ್ತದೆ. ಒಳ್ಳೇ ಮನಸಿನವ್ರೇ ನಡ್ಸ್ತಿರ್ತೀರ, ನಿಮ್ಗೆಲ್ಲಾ ದೊಡ್ಡ ನಮಸ್ಕಾರ. ಒಂದು ಕೆಲ್ಸ ಮಾಡಿ. ಹೋದ್ಸಲದ ಮೀಟಿಂಗಿಗೆ ಯಾರು ಬಂದಿರ್ಲಿಲ್ಲ ಅಂತ ನೆನೆಸ್ಕಳಿ, ಇವತ್ತೇ ಅವ್ರ ಮನೆಗೋಗಿ ಯಾಕೆ ಅಂತ ಕೇಳಿ. ಸಂಘ ನಡ್ಸೋದು ಹೇಳ್ಕೊಡ್ತೀವಿ ಅಂತ ಯಾರಾರ ಕರುದ್ರೆ, ನಂಗೆಲ್ಲಾ ಗೊತ್ತು ಅನ್ಬ್ಯಾಡಿ, ಓಗಿ. ಅಧ್ಯಕ್ಷರು ಒಬ್ರೇ ಓಗ್ಬ್ಯಾಡಿ. ಸಂಘದಲ್ಲಿ ಇದುವರ್ಗೂ ಮಾತಾಡದೇ ಇರೋ ಒಬ್ರನ್ನ ಪಕ್ಕದ ಸೀಟಲ್ಲಿ ಕೂರುಸ್ಕಂಡು ಓಗಿ.