ಹತ್ತರಲ್ಲಿ ಎಷ್ಟು?

ಆ ಮನೆಯಲ್ಲಿ ಬಿಪಿ ಮಾತ್ರೆ ನುಂಗುತ್ತಿದ್ದವಳು ಟೈಲರಮ್ಮ ಒಬ್ಬಳೇ. ಪಥ್ಯ ಮಾತ್ರ ಮನೆಮಂದಿಯೆಲ್ಲರ ನಾಲಿಗೆಗೆ. ಮೂರು ವರ್ಷದ ಹಿಂದೆ ಅಣ್ಣನಿಗೆ ಅಪಘಾತವಾದ ಸುದ್ದಿ ಕೇಳಿ ಅವಳು ಹೊಲಿಗೆ ಯಂತ್ರದ ಮೇಲೆಯೇ ಕುಸಿದುಬಿದ್ದಿದ್ದಳು. ಬಿಪಿ ಇನ್ನೂರ ಹತ್ತಕ್ಕೆ ಏರಿತ್ತಂತೆ. "ಗಾಬರಿ ಆಗೋ ವಿಷ್ಯ ಇವ್ರಿಗೆ ಹೇಳ್ಬೇಡಿ" ಎಂದು ಡಾಕ್ಟರು ಅಂದದ್ದೇ ತಡ, ಗಂಡ, ಮಗಳು ಇಬ್ಬರೂ ಅದನ್ನು ವೇದವಾಕ್ಯ ಮಾಡಿಕೊಂಡರು. ಚಿಕ್ಕಮ್ಮ ತೀರಿಕೊಂಡದ್ದು ಅವಳಿಗೆ ತಿಳಿದದ್ದು ಹದಿನೈದು ದಿನದ ಮೇಲೆ. ಮಗಳ ಕೆಲಸ ಹೋದದ್ದು ಗೊತ್ತಾದದ್ದು ಹೊಸ ಕೆಲಸ ಸಿಕ್ಕ ದಿನ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಟೈಲರಮ್ಮನಿಗೂ ಇದು ಹಾಯಾಗಿಯೇ ಇತ್ತು. ವಾದದಲ್ಲಿ ಸೋಲುವ ಹಾಗೆ ಕಂಡಾಗ ಹಣೆಯ ಮೇಲೆ ಕೈಯಿಟ್ಟು "ಯಾಕೋ ತಲೆ ಸುತ್ತಿದ ಹಾಗಾಗ್ತಿದೆ" ಅಂದರೆ ಸಾಕು, ಗಂಡ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಎದುರಾಳಿ ಇಲ್ಲದ ಕುಸ್ತಿಯಲ್ಲಿ ಗೆಲ್ಲುವುದು ಯಾರಿಗೆ ಬೇಡ?

ಗಂಡ ತೂಕ ಅಳತೆ ಪರೀಕ್ಷಿಸುವ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವನು. ಅಂಗಡಿಯವರು ಅವನಿಗೆ ತಕ್ಕಡಿ ಸಾಹೇಬ ಎಂದು ಹೆಸರಿಟ್ಟಿದ್ದರು. ಹತ್ತು ಗ್ರಾಂ ಕಡಿಮೆ ತೂಗಿದರೆ ಸ್ವಂತ ಭಾವಮೈದುನನನ್ನೂ ಬಿಡದ ಆಸಾಮಿ. ಅವನು ಐದು ಅಂದರೆ ಐದೇ, ನಾಲ್ಕೂಮುಕ್ಕಾಲಲ್ಲ.

ಅಂಥವನ ಕರುಳಿನಲ್ಲಿ ಗಂಟು ಕಾಣಿಸಿಕೊಂಡಿತು. ಒಂದು ಗೇಣು ಕರುಳು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿದರು. ಡ್ರೆಸ್ಸಿಂಗ್ ಬದಲಿಸುವಾಗ ಟೈಲರಮ್ಮ ಬಗ್ಗಿ ನೋಡಿ, "ಕೈ ಚೆನ್ನಾಗಿದೆ, ಒಂದೇ ಸಮ ಹೊಲಿದಿದ್ದಾರೆ" ಎಂದು ಸರ್ಟಿಫಿಕೇಟ್ ಕೊಟ್ಟಳು. ನರ್ಸ್ ಕಿಸಕ್ಕನೆ ನಕ್ಕಳು. ಅವನಿಗೂ ನಗು ಬಂತು, ನಗುವಿನ ಜೊತೆ ಹೊಟ್ಟೆ ಹಿಡಿದುಕೊಂಡು "ಅಯ್ಯೋ ಅಮ್ಮಾ" ಎಂದು ನರಳಿದ. ಅವನು ನರಳಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

"ರೀ, ನೀವು ಹೀಗೆ ನರಳಿದ್ರೆ ನನ್ನ ಬಿಪಿ ಏರುತ್ತೆ ನೋಡಿ" ಅಂದುಬಿಟ್ಟಳು.

ಅರ್ಧ ತಮಾಷೆ, ಅರ್ಧ ಭಯ. ಅವನು ತಟ್ಟನೆ ಸುಮ್ಮನಾದ. ಆಮೇಲೆ ನರಳಲೇ ಇಲ್ಲ.

ಐದನೇ ದಿನ ಮನೆಗೆ ಕಳಿಸಿದರು. "ನೋವು ದಿನಾ ಇಳೀತಾ ಬರ್ಬೇಕು. ಏರಿದ್ರೆ ಆ ಕ್ಷಣ ಕರ್ಕೊಂಡು ಬನ್ನಿ" ಎಂದು ನರ್ಸ್ ಹೇಳಿದ್ದಳು. ದಿನಾ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತಿದ್ದಳು. ಟೈಲರಮ್ಮ ಫೋನ್ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು ಕೇಳುವಳು: "ರೀ, ಹತ್ತರಲ್ಲಿ ಎಷ್ಟು?"

ಮೊದಲ ದಿನ ಐದು. ಮಾರನೇ ದಿನ ನಾಲ್ಕು. ಅದರ ಮಾರನೇ ದಿನ ಮೂರು. ಅವಳು ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಳು. ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿದ್ದ ಅಂಕಿಗಳನ್ನು ನೋಡಿ ಹೆಮ್ಮೆಪಟ್ಟಳು. ಊಟ ಸೇರುತ್ತಿಲ್ಲವಲ್ಲ ಎಂದರೆ "ಮಲಗಿದವನಿಗೆ ಎಲ್ಲಿಂದ ಹಸಿವು" ಅನ್ನುತ್ತಿದ್ದ. ಹಣೆಯಲ್ಲಿ ಬೆವರು ಯಾಕೆ ಎಂದರೆ ಸೆಕೆ. ತಕ್ಕಡಿ ಸಾಹೇಬನ ಮಾತನ್ನು ಮತ್ತೆ ತೂಗಿ ನೋಡುವವರುಂಟೇ?

ಆ ಮೂರನೇ ದಿನವೇ ಹಾಸಿಗೆ ಕೊಡವುವಾಗ ದಿಂಬಿನ ಕವರಿನ ಒಂದು ಮೂಲೆ ತೂತುಬಿದ್ದದ್ದು ಕಂಡಳು. "ಈ ಹಾಳು ಇಲಿಗೆ ನಿಮ್ಮ ತಲೆದಿಂಬೇ ಬೇಕಾಯ್ತಾ" ಎಂದು ಬೈದುಕೊಂಡು, ಆಮೇಲೆ ಹೊಲಿದರಾಯಿತು ಎಂದು ಕವರ್ ತೆಗೆದಿಟ್ಟಳು. ಮಂಚದ ಕೆಳಗೆ ಬ್ರೆಡ್ಡಿನ ಚೂರು ಸಿಕ್ಕಿಸಿ ಇಲಿಬೋನು ಇಟ್ಟಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ನಾಲ್ಕನೇ ಬೆಳಿಗ್ಗೆ "ಎರಡು" ಅಂದ. ಅವಳು ಕ್ಯಾಲೆಂಡರಿನ ಮೇಲೆ ಎರಡು ಬರೆಯುತ್ತಿದ್ದಾಗ ಹಿಂದೆ ದೊಪ್ಪೆಂದು ಸದ್ದಾಯಿತು. ಬಚ್ಚಲಿಗೆ ಹೋಗಲೆಂದು ಎದ್ದವನು ಹೊಸ್ತಿಲ ಮೇಲೆ ಬಿದ್ದಿದ್ದ. ಮೈ ಕೆಂಡವಾಗಿತ್ತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ಕೇಳಿದರು. "ಹತ್ತರಲ್ಲಿ ಎಷ್ಟಿದೆ ನೋವು?"

"ಒಂಬತ್ತು."

"ಯಾವತ್ತಿಂದ?"

"ಮನೆಗೆ ಹೋದ ಮಾರನೇ ದಿನದಿಂದ."

"ಮತ್ತೆ ಫೋನಲ್ಲಿ ನಾಲ್ಕು, ಮೂರು, ಎರಡು ಅಂದ್ರಲ್ಲ?"

ಮೂವತ್ತು ವರ್ಷ ಕಳ್ಳ ತೂಕ ಹಿಡಿದವನು, ಸಿಕ್ಕಿಬಿದ್ದ ಅಂಗಡಿಯವನ ಹಾಗೆ ಹೆಂಡತಿಯ ಮುಖ ನೋಡಿದ. "ಇವಳಿಗೆ ಬಿಪಿ ಇದೆ ಡಾಕ್ಟ್ರೇ" ಎಂದ.

ಒಳಗಿನ ಹೊಲಿಗೆ ಬಿಟ್ಟಿತ್ತು. ನಂಜು ಹೊಟ್ಟೆಯೆಲ್ಲ ಹರಡಿತ್ತು. "ಎರಡು ದಿನ ಮುಂಚೆ ಬಂದಿದ್ರೆ" ಎಂದು ಡಾಕ್ಟರು ಶುರುಮಾಡಿದ ಮಾತನ್ನು ಮಗಳು ಕಣ್ಸನ್ನೆಯಿಂದ ತಡೆದಳು. ಅಲ್ಲೂ ಅದೇ ಪಥ್ಯ.

ಅವನನ್ನು ಮತ್ತೆ ಆಪರೇಷನ್‌ಗೆ ಒಳಗೆ ಕರೆದೊಯ್ದರು. ಹೊರಗೆ ಬಂದವನು ಕಣ್ಣು ತೆರೆಯಲಿಲ್ಲ. ಮಾರನೇ ಬೆಳಿಗ್ಗೆ ಮಗಳು, "ಮನೆಗೆ ಹೋಗಿ ಸ್ನಾನ ಮಾಡಿ ಮಾತ್ರೆ ತಗೊಂಡು ಬಾಮ್ಮ, ನಾನಿರ್ತೀನಿ" ಎಂದು ಬಲವಂತವಾಗಿ ಆಟೋ ಹತ್ತಿಸಿದಳು.

ಟೈಲರಮ್ಮ ಸ್ನಾನ ಮಾಡಿದಳು, ಮಾತ್ರೆ ನುಂಗಿದಳು. ಸುಮ್ಮನೆ ಕೂತರೆ ಹುಚ್ಚು ಹಿಡಿದೀತು ಎನಿಸಿ ದಿಂಬಿನ ಕವರ್ ಹೊಲಿಯಲು ಕೂತಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇಲಿ ಕಡಿದರೆ ಬಟ್ಟೆ ಚೂರುಚೂರಾಗುತ್ತದೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಇಲ್ಲಿ ಬಟ್ಟೆ ಜಗಿದು ಜಗಿದು ಸವೆದಿತ್ತು. ಗುರುತುಗಳು ಕಮಾನಿನಂತೆ ಸಾಲಾಗಿದ್ದವು. ಆ ಮೂಲೆಯನ್ನು ತನ್ನ ಬಾಯಲ್ಲಿಟ್ಟು, ಗುರುತುಗಳ ಮೇಲೆ ಹಲ್ಲು ಕೂರಿಸಿ ನೋಡಿದಳು. ಮಂಚದ ಕೆಳಗೆ ಬೋನು ಖಾಲಿಯಿತ್ತು, ಬ್ರೆಡ್ಡಿನ ಚೂರು ಒಣಗಿ ಕಲ್ಲಾಗಿತ್ತು. ಕವರನ್ನು ಬಾಯಲ್ಲಿ ಕಚ್ಚಿಕೊಂಡೇ ಅವಳು ಬಿಕ್ಕಿಬಿಕ್ಕಿ ಅತ್ತಳು.

ಹನ್ನೊಂದಕ್ಕೆ ಮಗಳು ಬಂದಳು. ಮುಖ ತೊಳೆದುಕೊಂಡು ಬಂದಿದ್ದಳು. ಬಿಪಿ ಮೆಷಿನ್ ತಂದು ತಾಯಿಯ ತೋಳಿಗೆ ಪಟ್ಟಿ ಸುತ್ತತೊಡಗಿದಳು.

"ಮಾತ್ರೆ ತಗೊಂಡ್ಯಾ ಅಮ್ಮ?"

"ತಗೊಂಡೆ."

ಮೆಷಿನ್ ಗುಂಯ್ ಎಂದು ಗಾಳಿ ತುಂಬಿಕೊಂಡು ನಿಂತಿತು. ನೂರ ಮೂವತ್ತೆರಡು, ಎಂಬತ್ತನಾಲ್ಕು.

"ನಾರ್ಮಲ್ ಇದೆ" ಎಂದಳು ಮಗಳು.

"ಹಾಗಾದ್ರೆ ಹೇಳು."

"ಅಮ್ಮಾ, ಅಪ್ಪ ಹೋಗ್ಬಿಟ್ರು" ಎಂದು ಮಗಳು ಅವಳ ಮಡಿಲಲ್ಲಿ ತಲೆಯಿಟ್ಟಳು.

ಟೈಲರಮ್ಮ ಮಗಳ ಬೆನ್ನು ಸವರುತ್ತ ತುಂಬ ಹೊತ್ತು ಕೂತಿದ್ದಳು. ತಲೆ ಸುತ್ತಲಿಲ್ಲ. ಕಣ್ಣು ಕತ್ತಲಿಡಲಿಲ್ಲ. ತೋಳಿನ ಪಟ್ಟಿ ಹಾಗೇ ಇತ್ತು. ಅವಳೇ ಕೈ ಚಾಚಿ ಗುಂಡಿ ಒತ್ತಿದಳು. ನೂರ ನಲವತ್ತು, ಎಂಬತ್ತೆಂಟು.

"ನೋಡೇ ಇಲ್ಲಿ" ಎಂದು ಮಗಳ ಗಲ್ಲ ಹಿಡಿದೆತ್ತಿ ಮೆಷಿನ್ ತೋರಿಸಿದಳು. "ತಡ್ಕೊಂಡೆನಲ್ಲ. ಅವ್ರು ಹೋಗಿದ್ದನ್ನೇ ತಡ್ಕೊಂಡೆ. ಒಂಬತ್ತು ಅಂದಿದ್ರೆ ತಡ್ಕೊಳ್ತಿರ್ಲಿಲ್ವೇನೇ?"