ಪುಷ್ಪಮ್ಮ ಇಟ್ಟ ಹೆಸರು

“ಆ ಮೂಲೇಲಿ ಕೂತೋನ ಹೆಸ್ರೆಂತ ಪುಷ್ಪಕ್ಕ?” ವರದಿಗಾರ ಸತೀಶ್ ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ.

“ರಾಜು,” ಎಂದರು ಪುಷ್ಪಮ್ಮ. “ನಿನ್ನೆ ಸತ್ತೋರಲ್ಲಿ ಸಣ್ಣೋನು ಇವ್ನ ತಮ್ಮ. ಒಂದು ತೊಟ್ಟು ನೀರೂ ಕುಡ್ದಿಲ್ಲ ಮಾರಾಯ.”

ಮೇಳಿಗೆ ಕಡೆಯ ಕಲ್ಲುಕ್ವಾರಿಯಲ್ಲಿ ಮಣ್ಣು ಕುಸಿದು ಅಸ್ಸಾಮಿನ ಇಬ್ಬರು ಸತ್ತಿದ್ದರು. ಕ್ವಾರಿಯ ಆಳುಗಳಿಗೆ ಮನೆಯಲ್ಲೇ ಅಡುಗೆ ಮಾಡಿ ಹಾಕುವ ಪುಷ್ಪಮ್ಮನ ನಾಲಿಗೆ ಅವರ ಹೆಸರುಗಳಿಗೆ ಹೊರಳುತ್ತಿರಲಿಲ್ಲ. ಬಂದ ದಿನವೇ ರಾಜು, ಮಂಜ, ಸೋಮ ಎಂದು ನಾಮಕರಣ ಮಾಡಿ ಊಟಕ್ಕೆ ಕೂರಿಸುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಮೊಫಿಜುಲ್ ಎರಡು ವರ್ಷದಿಂದ ‘ರಾಜು’ ಅಂದರೇ ಓಗೊಡುತ್ತಿದ್ದ. ಊರಿನವರಿಗೂ ಅದೇ ರೂಢಿ. ಸತೀಶ್ ಅವನ ಆಧಾರ್ ಕಾರ್ಡಿನ ಫೋಟೊ ತೆಗೆದು, ಎಲ್ಲವನ್ನೂ ಟಿವಿಯವರಿಗೆ ಕಳಿಸಿ ಹೊರಟ.

ಹನ್ನೊಂದು ಗಂಟೆಯ ಸುದ್ದಿಯಲ್ಲಿ ಸತ್ತವರು ಇರಲಿಲ್ಲ. ಕುಸಿದ ಗುಡ್ಡವೂ ಇರಲಿಲ್ಲ. ಕ್ವಾರಿಯ ಧಣಿಯ ಮಾತಂತೂ ಕೇಳುವುದೇ ಬೇಡ. ಇದ್ದದ್ದು ಮೊಫಿಜುಲ್‌ನ ಮುಖ, ಅದರ ಸುತ್ತ ಕೆಂಪು ಗೆರೆ. ‘ಕಾರ್ಡಿನಲ್ಲಿ ಮೊಫಿಜುಲ್, ಊರಲ್ಲಿ ರಾಜು. ಹೆಸರು ಮುಚ್ಚಿಟ್ಟ ಇವನು ಯಾರು?’ ತಮ್ಮನನ್ನು ಕಳೆದುಕೊಂಡವನಿಗೆ ಗಾಯದ ಮೇಲೆ ಬರೆ. ಪುಷ್ಪಮ್ಮ ಕೂಡಲೇ ಸತೀಶನಿಗೆ ಫೋನು ಮಾಡಿದರು.

“ಆ ಹೆಸ್ರು ಇಟ್ಟೋಳು ನಾನು ಕಣೋ. ಅವ್ರಿಗೆ ಹೇಳು.”

“ಹೇಳ್ದೆ ಪುಷ್ಪಕ್ಕ. ಅದು ಸುದ್ದಿ ಆಗಲ್ಲ ಅಂದ್ರು.” ಅವನೇ ದನಿ ತಗ್ಗಿಸಿ ಮತ್ತೆ ಅಂದ, “ಅವ್ನನ್ನ ಬೇಗ ಎಲ್ಲಿಗಾದ್ರೂ ಕಳ್ಸಿಬಿಡಿ.”

ಎಲ್ಲಿಗೆ ಕಳಿಸುವುದು? ಮೊಫಿಜುಲ್ ಹಿತ್ತಿಲ ಕಟ್ಟೆಯ ಮೇಲೆ ಕೂತು ಆಸ್ಪತ್ರೆಯ ಗಾಡಿಗೆ ಕಾಯುತ್ತಿದ್ದ. ಅದು ಬಂದರೆ ತಮ್ಮನ ಹೆಣದ ಜೊತೆ ಊರಿಗೆ ಹೊರಡಬೇಕು. ಟಿವಿಯ ಸಂಗತಿ ಅವನಿಗೆ ಹೇಳಬೇಕೆಂದು ಪುಷ್ಪಮ್ಮ ಎರಡು ಸಲ ಹಿತ್ತಿಲಿಗೆ ಹೋದರು. ಒಮ್ಮೆ ಕಾಫಿ ಇಟ್ಟು ಬಂದರು, ಇನ್ನೊಮ್ಮೆ ಕುಡಿಯದ ಲೋಟ ಎತ್ತಿಕೊಂಡು ಬಂದರು.

ಮಧ್ಯಾಹ್ನ ಅಂಗಳಕ್ಕೆ ನಾಲ್ಕು ಬೈಕು ಬಂದವು. ಇಬ್ಬರದು ಕಂಡ ಮುಖವೇ.

“ಅಮ್ಮಾ, ರಾಜು ಇದಾನಾ?” ಮುಂದಿದ್ದವನ ಮಾತು ಮೆತ್ತಗೇ ಇತ್ತು.

“ಇಲ್ಲ. ಬೆಳಿಗ್ಗೆನೇ ಹೋದ.”

ಅವನು ಪುಷ್ಪಮ್ಮನ ಮುಖವನ್ನೇ ನೋಡಿದ. ಆಮೇಲೆ ಹಿತ್ತಿಲ ಕಡೆ ತಿರುಗಿ, ಊಟಕ್ಕೆ ಕರೆಯುವವರ ಹಾಗೆ ರಾಗವಾಗಿ ಕೂಗಿದ.

“ರಾಜೂ...”

“ಹಾಂ, ಬಂದೆ,” ಎಂದಿತು ಹಿತ್ತಿಲ ಕಡೆಯ ದನಿ. “ಗಾಡಿ ಬಂತಾ ಅಮ್ಮಾ?”

ಬೈಕುಗಳ ಸ್ಟ್ಯಾಂಡುಗಳು ಒಂದೊಂದಾಗಿ ನೆಲಕ್ಕಿಳಿದವು. ತಮ್ಮನ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೊಫಿಜುಲ್ ಬಾಗಿಲಿಗೆ ಬಂದ.