ಅಳಿಯನ ಮುಂದೆ ಏದುಸಿರು

ಗುಬ್ಬಿಯ ಶಾಂತಲಾಗೆ ಒಂದು ಚಾಳಿ. ಎಲ್ಲಾದರೂ ಏನಾದರೂ ತಾಳೆಯಾಗಲಿಲ್ಲವೆಂದರೆ ಅದರ ಬುಡ ಸಿಗುವ ತನಕ ಅವಳಿಗೆ ಅನ್ನ ರುಚಿಸದು. ತುಮಕೂರಿನ ಆಸ್ಪತ್ರೆಯೊಂದರಲ್ಲಿ ಅವಳ ಕೆಲಸವೂ ಅಂಥದೇ. ರೋಗಿಯ ಮೂಗು ಬಾಯಿಗೆ ಮಾಸ್ಕ್ ಬಿಗಿದು, ಇದ್ದಲ್ಲೇ ಇರುವ ಸೈಕಲ್ ತುಳಿಸಿ, ಆ ಮೈ ಹೆಚ್ಚೆಂದರೆ ಎಷ್ಟು ಆಕ್ಸಿಜನ್ ಬಳಸಬಲ್ಲದು ಎಂದು ಅಳೆಯುವುದು.

ಅಂದು ಸೈಕಲ್ ಹತ್ತಿದವರು ಕುಣಿಗಲ್ ಕಡೆಯ ರಂಗಲಕ್ಷ್ಮಮ್ಮ. ಅವರ ಶ್ವಾಸಕೋಶದಲ್ಲೊಂದು ಗಡ್ಡೆ. ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕು. ಅದನ್ನು ತಡೆದುಕೊಳ್ಳುವ ಕಸುವು ಇದೆಯೇ ಎಂದು ಈ ಪರೀಕ್ಷೆ ಹೇಳಬೇಕು. ಅಳತೆ ಕಡಿಮೆ ಬಂದರೆ ಆಪರೇಷನ್ ಮಾಡುವುದಿಲ್ಲವೆಂದು ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು.

ಕಡಿಮೆಯೇ ಬಂತು. ಪೆಡಲು ಸ್ವಲ್ಪ ಬಿಗಿಯಾಗುತ್ತಲೇ ರಂಗಲಕ್ಷ್ಮಮ್ಮ ಸಾಕೆಂದು ಕೈಯೆತ್ತಿ ನಿಲ್ಲಿಸಿಬಿಟ್ಟರು. ಅವರನ್ನು ಕರೆತಂದು ಅಲ್ಲೇ ನಿಂತಿದ್ದ ಅಳಿಯ ನಾಗಭೂಷಣನ ಮುಖ ಕಪ್ಪಿಟ್ಟಿತು. ನೀರು ತರುತ್ತೇನೆಂದು ಹೊರಗೆ ಹೋದ.

ಶಾಂತಲಾಳ ತಲೆಗೆ ಹುಳ ಹೊಕ್ಕಿತು. ನಿಜವಾಗಿ ಸೋತವರಲ್ಲಿ ಒಳಗೆ ಬಳಸುವ ಆಕ್ಸಿಜನ್‌ಗಿಂತ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಹೆಚ್ಚಾಗುತ್ತದೆ. ಇವರದು ಆ ಮಟ್ಟದ ಹತ್ತಿರಕ್ಕೂ ಹೋಗಿರಲಿಲ್ಲ. ಎದೆಬಡಿತವೂ ಅಷ್ಟೇನೂ ಏರಿರಲಿಲ್ಲ. ಮೈ ಸೋಲದೆ ಈಯಮ್ಮ ನಿಲ್ಲಿಸಿದ್ದೇಕೆ?

"ಕಾಲು ನೋವು ಬಂತಾ ಅಮ್ಮ? ತಲೆ ಸುತ್ತು?"

"ಏನೂ ಇಲ್ಲ ಬುಡವ್ವ. ಕೆರೆ ಏರಿ ಹತ್ತಿ ಹುಲ್ಲಿನ ಹೊರೆ ಹೊರೋಳಿಗೆ ಇದ್ಯಾವ ಲೆಕ್ಕ!"

ಅಷ್ಟರಲ್ಲಿ ನಾಗಭೂಷಣ ನೀರಿನ ಬಾಟಲಿ ಹಿಡಿದು ಬಂದ. ರಂಗಲಕ್ಷ್ಮಮ್ಮ ದಡಕ್ಕನೆ ಎದ್ದು, ತಲೆ ಮೇಲೆ ಸೆರಗೆಳೆದುಕೊಂಡು, ಉಸಿರನ್ನೇ ಬಿಗಿಹಿಡಿದು ನಿಂತರು. ಅವನು ಬಾಟಲಿ ಇಟ್ಟು ಹೋದದ್ದೇ ತಡ, ಕಟ್ಟಿಟ್ಟ ಉಸಿರು ಭುಸ್ಸೆಂದು ಹೊರಬಂತು.

"ಅಯ್ಯೋ ಅಮ್ಮ! ಅಳಿಯ ಇದಾರೆ ಅಂತ ನಿಲ್ಸಿದ್ರಾ?"

"ಮತ್ತೆ? ಅಳಿಯಂದ್ರ ಮುಂದೆ ಬಾಯಿ ಬುಟ್ಕೊಂಡು ಏದುಸಿರು ಬುಡಾಕಾಯ್ತದಾ? ಅವ್ರ ಎದುರಿಗೆ ಇವತ್ಗೂ ಕುರ್ಚಿ ಮ್ಯಾಲೆ ಕುಂತೋಳಲ್ಲ ನಾನು. ನೀನು ನೋಡಿದ್ರೆ ಸೈಕಲ್ ಹತ್ತಿಸ್ದೆ!"

ಶಾಂತಲಾಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಮಾನಕ್ಕಾಗಿ ಪ್ರಾಣ ಬಿಡುವುದಕ್ಕೂ ಒಂದು ಮಿತಿ ಬೇಡವೇ? ಸರ್ಜನ್‌ಗೆ ಫೋನ್ ಮಾಡಿ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷೆಗೆ ಒಪ್ಪಿಸಿದಳು. ನಾಗಭೂಷಣನನ್ನು ಹೊರಗೆ ಕೂರಿಸಿ ಬಾಗಿಲು ಎಳೆದುಕೊಂಡಳು.

ಈ ಸಲ ರಂಗಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತುಳಿದರು. ಪೆಡಲು ಬಿಗಿಯಾದಷ್ಟೂ ಬಗ್ಗಿ ತುಳಿದರು. ಹಣೆಯಲ್ಲಿ ಬೆವರು ಕಿತ್ತುಕೊಂಡಿತು, ಮಾಸ್ಕಿನೊಳಗೆ ಉಸಿರು ತಿದಿಯಂತೆ ಮೊರೆಯಿತು. ಪರದೆಯ ಮೇಲೆ ಅಳತೆ ಏರುತ್ತಿತ್ತು. ಸರ್ಜನ್ ಕೇಳಿದಲ್ಲಿಗೆ ಇನ್ನು ಸ್ವಲ್ಪವೇ ಬಾಕಿ.

ದಢಾರನೆ ಬಾಗಿಲು ತೆರೆಯಿತು. ಉಸಿರಿನ ಆ ಮೊರೆತ ಹೊರಗೆ ಕೇಳಿ ಗಾಬರಿಬಿದ್ದ ನಾಗಭೂಷಣ ಒಳಗೆ ನುಗ್ಗಿದ್ದ.

"ಅತ್ತೆ! ಏನಾಯ್ತು ಅತ್ತೆ?"

ರಂಗಲಕ್ಷ್ಮಮ್ಮನ ಕಾಲು ನಿಧಾನವಾಯಿತು. ಕೈ ಸೊಂಟದ ಸೆರಗನ್ನು ಹುಡುಕಿಕೊಂಡು ಹೋಯಿತು. ಶಾಂತಲಾ ನಾಗಭೂಷಣನತ್ತ ತಿರುಗಿದಳು.

"ಏನೂ ಆಗಿಲ್ಲ ಕಣ್ರೀ! ನೀವು ನೋಡ್ತೀರ ಅಂತ ನಿಲ್ಲಿಸ್ಬಿಡ್ತಾರೆ!"

ನಾಗಭೂಷಣ ಒಂದು ಗಳಿಗೆ ಕಕ್ಕಾಬಿಕ್ಕಿಯಾದ. ಆಮೇಲೆ ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

"ತುಳೀರಿ ಅತ್ತೆ. ನಾನು ನೋಡ್ತಿಲ್ಲ."

ಸೆರಗಿಗೆ ಹೋಗಿದ್ದ ಕೈ ಹ್ಯಾಂಡಲಿಗೆ ಮರಳಿತು. ಕಾಲು ಮತ್ತೆ ಓಡಿತು. ಅಳತೆ ಸರ್ಜನ್ ಹೇಳಿದ್ದನ್ನು ಮುಟ್ಟಿತು, ದಾಟಿತು. ಶಾಂತಲಾ ಚಪ್ಪಾಳೆ ತಟ್ಟಿ, "ಆಪರೇಷನ್ ಆಗತ್ತೆ ಅಮ್ಮ!" ಎಂದು ಕೂಗಿ ಮಾಸ್ಕ್ ಬಿಚ್ಚಿದಳು.

ರಂಗಲಕ್ಷ್ಮಮ್ಮನ ಏದುಸಿರು ಇನ್ನೂ ಇಳಿದಿರಲಿಲ್ಲ, ಬಾಯಿ ತೆರೆದೇ ಇತ್ತು. ಸೆರಗು ಸೊಂಟದಲ್ಲೇ ಇತ್ತು.

"ಅಳಿಯಂದ್ರಿಗೆ ಹೇಳವ್ವ," ಎಂದರು, "ಈ ಕಡೆ ತಿರುಗ್ಲಿ."